ಕಾಶಿಯಲ್ಲಿ ಬಿಟ್ಟದ್ದು

ಮಠದ ಅಡುಗೆಮನೆ ನೋಡಿಕೊಳ್ಳುವ ಅನ್ನದಾನಯ್ಯ ಬೆಳಿಗ್ಗೆ ಬೆಳಿಗ್ಗೆಯೇ ಟೇಪು ಹಿಡಿದುಕೊಂಡು ಸಾಹಿತ್ಯ ಸಂಗ್ರಹದ ಕೋಣೆಯನ್ನು ಅಳೆಯುತ್ತಿರುವುದನ್ನು ಕಂಡು ದಾನಯ್ಯ ಒಳಗೆ ಓಡಿದ.

“ಏನು ಅಳೀಲಿಕ್ಕತ್ತೀರಿ?”

“ಅಕ್ಕಿ ಚೀಲ ಎಷ್ಟು ಹಿಡಿಸ್ತಾವ ಅಂತ ನೋಡ್ಲಿಕ್ಕತ್ತೀನಿ. ನಿಮ್ಮ ಕಪಾಟು ಹೆಂಗೂ ಖಾಲಿನ ಅದಾವಲ್ಲ.”

ಖಾಲಿ ಎಂದದ್ದು ಸುಳ್ಳಲ್ಲ. ಕನ್ನಡ ಲೇಖಕರ ಹಸ್ತಪ್ರತಿ, ಪತ್ರ, ಟಿಪ್ಪಣಿಗಳನ್ನು ಕಾಶಿಯಲ್ಲಿ ಕಾಪಾಡುತ್ತೇನೆಂದು ಹಿರಿಯ ಸ್ವಾಮಿಗಳನ್ನು ಕಾಡಿ ಬೇಡಿ ಆ ಕೋಣೆ ಪಡೆದವನು ದಾನಯ್ಯ. ಈವರೆಗೆ ಬಂದದ್ದು ನಿವೃತ್ತ ಪ್ರಾಧ್ಯಾಪಕರೊಬ್ಬರ ಸಂಶೋಧನೆಯ ಕಡತ ಮಾತ್ರ. ಅವರೂ ‘ಒಂದು ಸಣ್ಣ ತಿದ್ದುಪಡಿ ಇದೆ’ ಎನ್ನುತ್ತ ಬಂದಾಗಲೆಲ್ಲ ನಾಲ್ಕು ಹಾಳೆ ಒಯ್ದು, ಕೊನೆಗೆ ಬರೀ ರಟ್ಟನ್ನು ಉಳಿಸಿ ಹೋಗಿದ್ದರು. ಸ್ವಾಮಿಗಳು ಇವತ್ತಿನ ಸಂಜೆಯ ಗಡುವು ಕೊಟ್ಟಿದ್ದರು. ಒಬ್ಬ ಒಳ್ಳೆಯ ಲೇಖಕರ ಕಾಗದಪತ್ರ ಬಂದರೆ ಕೋಣೆ ದಾನಯ್ಯನದು, ಇಲ್ಲದಿದ್ದರೆ ಅಕ್ಕಿಯದು.

ಪುಣ್ಯಕ್ಕೆ ಕಲಬುರಗಿ ಕಡೆಯ ಹೆಸರಾಂತ ಕಾದಂಬರಿಕಾರ ವಿಶ್ವಾರಾಧ್ಯರು ಹೆಂಡತಿ ಜಗದಾಂಬ ಅವರೊಂದಿಗೆ ಕಾಶಿಗೆ ಬಂದು, ಬಂಗಾಲಿ ಟೋಲಾದ ಲಾಡ್ಜೊಂದರಲ್ಲಿ ಇಳಿದಿದ್ದರು. ಮನೆಯಲ್ಲಿಟ್ಟರೆ ಯಾರಾದರೂ ಕದ್ದಾರೆಂದು ಬರೆದದ್ದನ್ನೆಲ್ಲ ತಗಡಿನ ಟ್ರಂಕಿನಲ್ಲಿ ತುಂಬಿ ರೈಲಿನಲ್ಲಿ ಜೊತೆಗೇ ತಂದಿದ್ದರು. ದಾನಯ್ಯ ಎಷ್ಟು ಕೈಮುಗಿದರೂ ಅವರದು ಒಂದೇ ಉತ್ತರ: “ಜೀವ ಕೇಳ್ರಿ ಕೊಡ್ತೀನಿ, ಕಾಗದ ಕೇಳಬ್ಯಾಡ್ರಿ.”

ಇವತ್ತು ಅವರು ಕೇದಾರ ಘಾಟಿಗೆ ಸ್ನಾನಕ್ಕೆ ಹೊರಟಾಗಲೂ ಟ್ರಂಕು ಕೂಲಿಯವನ ತಲೆಯ ಮೇಲೆ ಹೊರಟಿತು. ಅದರ ಹಿಂದೆ ದಾನಯ್ಯ ಹೊರಟ.

ಘಾಟಿನಲ್ಲಿ ಬದರೀನಾರಾಯಣ ಪಂಡಿತ ಕಾದಿದ್ದ. ಹುಟ್ಟಾ ಕಾಶಿಯವನಾದರೂ ದಕ್ಷಿಣದವರಿಗೆ ಸಂಕಲ್ಪ ಮಾಡಿಸಿ ಮಾಡಿಸಿ ಅವನಿಗೆ ಕನ್ನಡ ಬರುತ್ತಿತ್ತು.

“ದೇಖಿಯೇ ಸಾಹೇಬ್ರೇ, ಕಾಶಿಗೆ ಬಂದ್ಮೇಲೆ ಇಷ್ಟ ಇರೋದು ಒಂದು ಬಿಡಬೇಕು. ಬಿಟ್ರೆ ಖತಮ್, ವಾಪಸ್ ಇಲ್ಲ. ಏನು ಬಿಡ್ತೀರಿ?”

“ಹಾಗಲಕಾಯಿ,” ಎಂದರು ವಿಶ್ವಾರಾಧ್ಯರು.

“ಅದನ್ನ ಯಾವತ್ತು ತಿಂದೀರಿ ನೀವು?” ಎಂದರು ಜಗದಾಂಬ. “ಬದನಿಕಾಯಿ ಬಿಡ್ರಿ.”

ಬದನೆಕಾಯಿ ಎಂದೊಡನೆ ಸಾಹಿತಿಗಳ ಮುಖ ಸಣ್ಣದಾಯಿತು. ಪಕ್ಕದಲ್ಲಿ ಮೀಯುತ್ತಿದ್ದ ತಮಿಳು ಯಾತ್ರಿಕರೊಬ್ಬರು ಕಾಫಿ ಬಿಡಲು ಸನ್ನೆ ಮಾಡಿದರು. ದೋಣಿಯವನು ಪಾನ್ ಬಿಡಿ ಎಂದ. ಯಾವುದಕ್ಕೂ ಸಾಹಿತಿಗಳು ಜಗ್ಗಲಿಲ್ಲ. ಈ ಚೌಕಾಸಿ ಮುಗಿಯುವುದಿಲ್ಲವೆಂದು ಜಗದಾಂಬ ಸೆರಗು ಸಿಕ್ಕಿಸಿಕೊಂಡು ಹೆಂಗಸರಿದ್ದ ಕಡೆಗೆ ತಾವೇ ಸ್ನಾನಕ್ಕೆ ಹೋದರು.

ದಾನಯ್ಯನ ತಲೆಯಲ್ಲಿ ಮಿಂಚು ಹೊಳೆದದ್ದು ಆಗಲೇ.

“ಸರ್, ಬದನಿಕಾಯಿ ಎಲ್ಲಾರೂ ಬಿಡ್ತಾರ. ತಾವು ದೊಡ್ಡವರು. ಈ ಟ್ರಂಕಿನ ಮ್ಯಾಲಿನ ಮೋಹ ಬಿಡ್ರಿ. ಇಂಥಾ ತ್ಯಾಗ ಈ ಘಾಟ್ ಕಂಡಿರಾಕಿಲ್ಲ.”

ವಿಶ್ವಾರಾಧ್ಯರು ನದಿಯನ್ನು ನೋಡಿದರು, ಟ್ರಂಕನ್ನು ನೋಡಿದರು. ಬದನೆಕಾಯಿ ಎಣ್ಣೆಗಾಯಿಯನ್ನು ಒಮ್ಮೆ ನೆನೆದಿರಲೂಬಹುದು. ಎದೆ ಉಬ್ಬಿಸಿ, “ಆತು, ಬಿಟ್ಟೆ,” ಎಂದುಬಿಟ್ಟರು.

ಕೇಳಿದ್ದೇ ತಡ, ಬದರೀನಾರಾಯಣ ದೋಣಿಯವನನ್ನು ಕೂಗಿದ. ಬಿಟ್ಟದ್ದು ಗಂಗಾಮಾತೆಗೆ ಸೇರಬೇಕೆಂದು ಇಬ್ಬರೂ ಟ್ರಂಕಿನ ಆಚೆಯೊಂದು ಈಚೆಯೊಂದು ಹಿಡಿಕೆಗೆ ಕೈ ಹಾಕಿದರು. ದಾನಯ್ಯ ಬೇರೆ ದಾರಿ ತೋಚದೆ ಟ್ರಂಕಿನ ಮೇಲೆ ಕುಳಿತುಬಿಟ್ಟ. ಅವರು ಅವನನ್ನೂ ಸೇರಿಸಿಯೇ ಎಳೆದರು. ಪಾಚಿಗಟ್ಟಿದ ಮೆಟ್ಟಿಲು, ಕೇಳಬೇಕೇ? ಕೆಳಗೆ ತಲುಪುವಷ್ಟರಲ್ಲಿ ಟ್ರಂಕು ಮೆಟ್ಟಿಲಿನ ಅಂಚಿನಲ್ಲಿ ನಿಂತಿತ್ತು, ದಾನಯ್ಯ ಮೊಬೈಲು, ಕನ್ನಡಕ, ಇಸ್ತ್ರಿ ಮಾಡಿದ ಪ್ಯಾಂಟಿನ ಸಮೇತ ಎದೆಮಟ್ಟದ ನೀರಿನಲ್ಲಿ ನಿಂತಿದ್ದ.

“ಪಂಡಿತ್ಜೀ, ದಾನ ಅಂತ ನನಗ ಕೊಡಿಸ್ರಿ,” ಎಂದು ನೀರಿನಿಂದಲೇ ಗೋಗರೆದ. “ನೀರಾಗ ನಿಂತೀನಿ, ಇನ್ನೇನು ಬೇಕು?”

ಬದರೀನಾರಾಯಣ ಗಡ್ಡ ಕೆರೆದು, ಆಗಬಹುದು ಎಂದ. ಸಂಕಲ್ಪ ಶುರುವಾಯಿತು. ದಾನಯ್ಯನಿಗೆ ಹಾಳೆ ಹಾಳೆಯಾಗಿ ವಾಪಸು ಹೋದ ಪ್ರಾಧ್ಯಾಪಕರ ಕಡತ ನೆನಪಾಯಿತು. ಈ ಸಲ ಮೋಸ ಹೋಗಬಾರದು.

“ಇನ್ನ ಮುಂದ ಮುಟ್ಟೂದಿಲ್ಲ, ನೋಡೂದಿಲ್ಲ, ಓದೂದಿಲ್ಲ, ಅದರ ಬಗ್ಗೆ ಬಾಯಿ ಬಿಡೂದಿಲ್ಲ ಅಂತ ಸೇರಿಸ್ರಿ.”

ವಿಶ್ವಾರಾಧ್ಯರು ಬೊಗಸೆಯಲ್ಲಿ ನೀರು ಹಿಡಿದು ಅಷ್ಟನ್ನೂ ಗದ್ಗದರಾಗಿ ಹೇಳಿದರು. ದಾನಯ್ಯನಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಒದ್ದೆ ಬಟ್ಟೆಯಲ್ಲಿ ನಡುಗುತ್ತ, ದಂಪತಿಗಳನ್ನು ಸೈಕಲ್ ರಿಕ್ಷಾದಲ್ಲಿ ಕೂರಿಸಿ, ಟ್ರಂಕನ್ನು ತಾನೇ ಹೊತ್ತು ಮಠಕ್ಕೆ ಬಂದ.

ಸಂಜೆ ಸ್ವಾಮಿಗಳು ಕೋಣೆಗೆ ದಯಮಾಡಿಸಿದರು. ದಂಪತಿಗಳು ಬಾಗಿಲ ಬಳಿ ಕುಳಿತಿದ್ದರು. ಅನ್ನದಾನಯ್ಯನ ಮುಖ ಬಾಡಿತ್ತು. ದಾನಯ್ಯ ಟ್ರಂಕಿನ ಮುಚ್ಚಳ ತೆರೆದ. ಕಾದಂಬರಿಗಳ ಕರಡು, ಅಚ್ಚಾಗದ ಕತೆ, ಊರೂರು ಅಲೆದು ಮಾಡಿದ ಟಿಪ್ಪಣಿ, ಎಲ್ಲ ಕಟ್ಟು ಕಟ್ಟಾಗಿ ಕುಳಿತಿದ್ದವು. ಸ್ವಾಮಿಗಳು ಸಂತೋಷದಿಂದ ಮೇಲಿನ ಹಾಳೆಯೊಂದನ್ನು ಎತ್ತಿಕೊಟ್ಟು, “ಎರಡು ಸಾಲು ಓದಪ್ಪ, ಕೇಳೋಣ,” ಎಂದರು.

ದಾನಯ್ಯ ಹಾಳೆಯನ್ನು ಹತ್ತಿರ ಹಿಡಿದ, ದೂರ ಹಿಡಿದ, ಕನ್ನಡಕ ಒರೆಸಿಕೊಂಡ. ಶಾಯಿಯಲ್ಲಿ ಅದ್ದಿದ ಇರುವೆ ಓಡಾಡಿದ ಹಾಗಿತ್ತು ಬರಹ. ಒಂದು ಅಕ್ಷರವೂ ಕನ್ನಡದ ಹಾಗೆ ಕಾಣಲಿಲ್ಲ. ಇನ್ನೊಂದು ಹಾಳೆ ತೆಗೆದ. ಅದೂ ಹಾಗೆಯೇ.

“ಸರ್, ಇದು ಏನೈತಿ ಸ್ವಲ್ಪ ಹೇಳ್ತೀರೇನು?”

ವಿಶ್ವಾರಾಧ್ಯರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಗೋಡೆಯತ್ತ ತಿರುಗಿದರು. “ಗಂಗಾದಾಗ ಮಾತು ಕೊಟ್ಟೀನಿ. ನೀವೇ ಕೊಡಿಸೀರಿ.”

“ಯಾರಿಗೂ ಓದಲಾಗದ ಕಾಗದ ಕಾಪಾಡಿ ಏನು ಮಾಡುವುದು?” ಎಂದರು ಸ್ವಾಮಿಗಳು. ಅನ್ನದಾನಯ್ಯನ ಕೈ ಮೆಲ್ಲಗೆ ಟೇಪಿನ ಕಡೆ ಹೋಯಿತು.

“ತಡೀರಿ ಬುದ್ಧಿ,” ಎಂದ ದಾನಯ್ಯ. “ಸರ್, ನಿಮ್ಮ ಪುಸ್ತಕ ಅಚ್ಚು ಹೆಂಗ ಆದ್ವು? ಪ್ರೆಸ್ಸಿನವ್ರು ನಿಮ್ಮ ಅಕ್ಷರ ಹೆಂಗ ಓದಿದ್ರು?”

“ಅವರೆಲ್ಲಿ ಓದ್ತಾರ? ಎಲ್ಲಾ ನಮ್ಮ ಮನಿಯಾಕಿನ ಚಂದಾಗಿ ಬರದು ಕೊಡ್ತಿದ್ಲು. ಅಕಿಗೆ ಒಂದಕ್ಷರ ತಪ್ಪೂದಿಲ್ಲ.”

ದಾನಯ್ಯನಿಗೆ ಹೋದ ಜೀವ ಬಂದಂತಾಯಿತು. ಓಡಿ ಹೋಗಿ ಜಗದಾಂಬ ಅವರ ಮುಂದೆ ಹಾಳೆ ಹಿಡಿದ. ಅವರು ಕೈ ಹಿಂದಕ್ಕೆ ಎಳೆದುಕೊಂಡು ಮುಖ ತಿರುಗಿಸಿದರು.

“ಬ್ಯಾಡ ತಮ್ಮಾ. ನೀವು ಆ ಕಡೆ ಟ್ರಂಕ್ ಜಗ್ಗಾಡಾಕ ಹತ್ತಿದ್ರಲ್ಲ, ನಾ ಈ ಕಡೆ ಮುಳುಗು ಹಾಕಿ ನಂದೂ ಒಂದು ಬಿಟ್ಟೆ.”

“ಏನು ಬಿಟ್ರಿ ಅವ್ವಾ?”

“ಇವರ ಅಕ್ಷರ ಓದೂದು.”

ದಾನಯ್ಯ ಮುಳುಗುವವನು ಸಿಕ್ಕಿದ್ದನ್ನು ಹಿಡಿಯುವಂತೆ ಕೊನೆಯ ಆಸೆ ಹಿಡಿದ. “ಅವ್ವಾ, ಇಷ್ಟ ಇದ್ದದ್ದು ಬಿಟ್ರ ಮಾತ್ರ ಅದು ಲೆಕ್ಕಕ್ಕ ಬರೂದು. ಖರೇ ಹೇಳ್ರಿ, ಅದು ನಿಮಗ ಇಷ್ಟ ಇತ್ತೇನು?”

ವಿಶ್ವಾರಾಧ್ಯರು ಥಟ್ಟನೆ ಕಣ್ಣು ಬಿಟ್ಟು ಹೆಂಡತಿಯನ್ನೇ ನೋಡಿದರು. ಜಗದಾಂಬ ಗಂಡನ ಮುಖ ನೋಡಿದರು, ಒಂದು ಗಳಿಗೆ ಯೋಚಿಸಿದರು.

“ಇಷ್ಟ ಇಲ್ದ ಜೀವನಪೂರ್ತಿ ಮಾಡ್ತಿದ್ನೇನು?”

ಸಾಹಿತಿಗಳು ಪುಳಕಿತರಾಗಿ ಹೆಂಡತಿಗೆ ಕೈ ಮುಗಿದರು. ಸ್ವಾಮಿಗಳು ಇಂಥ ದಾಂಪತ್ಯವನ್ನು ತಾವು ಕಂಡಿಲ್ಲವೆಂದು ಇಬ್ಬರಿಗೂ ಆಶೀರ್ವಾದ ಮಾಡಿದರು.

ಅಕ್ಕಿ ಚೀಲಗಳು ಆ ಸಂಜೆಯೇ ಬಂದವು. ನೆಲ ಪಸೆ ಹಿಡಿದಿದ್ದರಿಂದ ಚೀಲವನ್ನು ಯಾವುದಾದರೂ ಎತ್ತರದ ಮೇಲೆ ಇಡಬೇಕಾಗಿತ್ತು. ಅನ್ನದಾನಯ್ಯ ಸುತ್ತ ನೋಡಿ, “ದಾನಯ್ಯ, ಆ ಟ್ರಂಕ್ ಭಾಳ ಗಟ್ಟಿ ಐತಿ ನೋಡ್ರಿ,” ಎಂದ. ದಾನಯ್ಯ ಚೀಲದ ಇನ್ನೊಂದು ತುದಿ ಹಿಡಿದ.