ಅಕ್ಕನ ಗದ್ದಕ್ಕೆ ನೀರೆರೆದ ಮಹನೀಯರಿಗೆ

ಪಕ್ಕದ ಅಂಕಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣದೊಡನೆ ಗುದ್ದಾಡುವ, ಈ ಸ್ಟುಡಿಯೊದ ಚಿಕ್ಕವರು ದೊಡ್ಡವರೆಲ್ಲರಿಂದ ‘ಕಬ್ಬಿಣದಣ್ಣ’ ಎನಿಸಿಕೊಂಡಿರುವ ಮಾನ್ಯರೇ,

ವೆಲ್ಡಿಂಗ್ ಕಿಡಿಗಳ ನಡುವೆಯೂ ಮುಗುಳ್ನಗೆ ಮಾಸದ ತಮಗೂ, ತಮ್ಮ ಕರುಣಾಳು ಬಲಗೈಗೂ, ಆ ಕೈ ಹಿಡಿದಿದ್ದ ನೀಲಿ ಸ್ಪ್ರೇ ಬಾಟಲಿಗೂ, ಕಲಾವಿದರ ರೆಸಿಡೆನ್ಸಿಗೆಂದು ಬಂದು ತಮ್ಮ ನೆರೆಯಲ್ಲಿ ಜೇಡಿಮಣ್ಣು ಕಲಸುತ್ತಿರುವ ಈ ಶಿಲ್ಪಿಯ ಸವಿನಯ ನಮಸ್ಕಾರಗಳು. ಎದುರಿಗೆ ಸಿಕ್ಕಾಗಲೆಲ್ಲ ತಾವು ನನ್ನನ್ನು ಹೊಗಳಿ ಹೊಗಳಿಯೇ ಬಾಯಿ ಮುಚ್ಚಿಸುವುದರಿಂದ, ಹೇಳಬೇಕಾದ್ದನ್ನು ಹೀಗೆ ಬರೆದು ನಲ್ಲಿಯ ಮೇಲಿನ ಗೋಡೆಗೆ ಅಂಟಿಸುತ್ತಿದ್ದೇನೆ. ನೀರು ಹಿಡಿಯಲು ಬಂದವರೆಲ್ಲ ಓದಿಕೊಳ್ಳಲಿ.

ತಮಗೆ ತಿಳಿದಂತೆ ನಾನಿಲ್ಲಿ ಮಾಡುತ್ತಿದ್ದುದು ನನ್ನ ಅಕ್ಕನ ಮೂರ್ತಿ. ಟೈಲರಿಂಗ್ ಅಂಗಡಿಗೆ ರಜೆಯಿರುವ ಭಾನುವಾರಗಳಂದು ಬಂದು, ಕಾಲು ಕುಂಟುವ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಲುಗಾಡದೆ ಕೂತು, ಅವಳು ಹಾಕಿದ್ದು ಒಂದೇ ಷರತ್ತು: “ನೋಡು, ಗದ್ದದ ಕೆಳಗೆ ಜೋತಾಡ್ತಿದೆಯಲ್ಲ, ಅದೊಂದನ್ನ ಮಾತ್ರ ಮಾಡ್ಬೇಡ.” ದಿನವಿಡೀ ಊರವರ ಹೊಟ್ಟೆ, ಸೊಂಟ, ಬಾಗಿದ ಬೆನ್ನುಗಳನ್ನು ಹೊಲಿಗೆಯಲ್ಲಿ ಮರೆಮಾಚಿ ಕಳಿಸುವವಳು ತನಗಾಗಿ ಇಷ್ಟು ಕೇಳಿದ್ದು ನ್ಯಾಯವೇ. ಇಷ್ಟು ವರ್ಷ ನನ್ನ ಕೆಲಸವನ್ನು ‘ಮಣ್ಣಾಟ’ ಎಂದು ತಳ್ಳಿಹಾಕಿ, ನನ್ನ ಒಂದು ಪ್ರದರ್ಶನಕ್ಕೂ ಕಾಲಿಡದಿದ್ದ ಅದೇ ಅಕ್ಕ ಈ ಸಲ ಅಳತೆ ಕೊಡಲು ಬಂದ ಗಿರಾಕಿಗಳಿಗೆಲ್ಲ “ನನ್ನ ಮೂರ್ತಿ ಆಗ್ತಿದೆ” ಎಂದು ಸಾರಿದ್ದಳು. ನಾನೂ ಮಾತಿಗೆ ತಪ್ಪದೆ, ಅವಳ ಗದ್ದವನ್ನು ಮದುವೆಗೆ ಮುಂಚೆ ಇದ್ದ ಹಾಗೆಯೇ ತಿದ್ದಿ ನಿಲ್ಲಿಸಿದ್ದೆ.

ಮಣ್ಣಿನವರು ಕೆಲಸ ನಡೆಯುವಾಗ ಒದ್ದೆ ಬಟ್ಟೆ ಸುತ್ತಿ ನೀರು ಚಿಮುಕಿಸುತ್ತಾರೆ, ಕೆಲಸ ಮುಗಿದ ಮೇಲೆ ಬಟ್ಟೆ ತೆಗೆದು ಒಣಗಲು ಬಿಟ್ಟು ಆಮೇಲೆ ಭಟ್ಟಿಯಲ್ಲಿ ಸುಡುತ್ತಾರೆ. ಇದರಲ್ಲಿ ಮೊದಲರ್ಧವನ್ನು ತಾವು ಎಷ್ಟು ಚೆನ್ನಾಗಿ ಕಲಿತಿದ್ದೀರೆಂದರೆ, ಉಳಿದರ್ಧಕ್ಕೆ ತಲೆಯಲ್ಲಿ ಜಾಗವೇ ಉಳಿದಂತಿಲ್ಲ. ನಾನು ಜ್ವರ ಹಿಡಿದು ಮನೆಯಲ್ಲಿ ಮಲಗಿದ್ದ ವಾರ, ಒಣಗಲೆಂದು ಬಿಟ್ಟ ಅಕ್ಕನನ್ನು ಕಂಡು “ಪಾಪ, ಮುಚ್ಚೋದು ಮರೆತುಬಿಟ್ಟಿದ್ದಾಳೆ” ಎಂದು ಕರಗಿದ ತಾವು, ದಿನಕ್ಕೆರಡು ಹೊತ್ತು ನೀರು ಹೊಡೆದು, ಒದ್ದೆ ಗೋಣಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಹೆತ್ತ ಮಗುವಿನಂತೆ ನೋಡಿಕೊಂಡಿರಿ. ಆಸೆಗೆ ತಣ್ಣೀರೆರಚುವುದನ್ನು ಮಾತಿನಲ್ಲಿ ಕೇಳಿದ್ದೆ. ಇಷ್ಟು ಶ್ರದ್ಧೆಯಿಂದ, ಒಂದು ಹೊತ್ತೂ ತಪ್ಪಿಸದೆ ಎರಚಿದವರನ್ನು ಕಂಡಿರಲಿಲ್ಲ. ನಾನು ಬಂದು ಗೋಣಿ ಬಿಚ್ಚಿದಾಗ ಅಕ್ಕನ ಗದ್ದ ಕೊರಳಿಳಿದು ಎದೆಯ ಮೇಲೆ ಆರಾಮವಾಗಿ ಕೂತಿತ್ತು.

ಅದನ್ನೆತ್ತಿ ಸ್ವಸ್ಥಾನಕ್ಕೆ ಸೇರಿಸೋಣವೆಂದು ತೋಳೇರಿಸುವಷ್ಟರಲ್ಲಿ ಪ್ರದರ್ಶನದ ಆಯ್ಕೆ ಸಮಿತಿಯವರು ಒಳಬಂದರು. ಮೂರ್ತಿಯ ಸುತ್ತ ನಿಧಾನವಾಗಿ ಸುತ್ತು ಹಾಕಿ, ಇಷ್ಟು ಪ್ರಾಮಾಣಿಕವಾದ ಗದ್ದವನ್ನು ಎಲ್ಲೂ ನೋಡಿಲ್ಲವೆಂದು ಹೊಗಳಿ, ಸಭಾಂಗಣದ ನಟ್ಟನಡುವಿನ ಪೀಠವನ್ನು ಅದಕ್ಕೇ ಕೊಟ್ಟರು. ಬೇಡವೆನ್ನಲು ಬಾಯಿ ತೆರೆದ ನಾನು, ಏನು ಗ್ರಹಚಾರವೋ, “ಥ್ಯಾಂಕ್ಸ್” ಎಂದುಬಿಟ್ಟೆ. ನಟ್ಟನಡುವಿನ ಪೀಠ ಯಾರಿಗೆ ಬೇಡ ಹೇಳಿ? ಹೀಗೆ ಒಣಗಿಸಿದ್ದೂ ಆಯಿತು, ಸುಟ್ಟಿದ್ದೂ ಆಯಿತು. ಸುಟ್ಟ ಗದ್ದವನ್ನು ಇನ್ನು ಯಾರಪ್ಪನಿಂದಲೂ ಮೇಲೆತ್ತಲಾಗದು.

ಉದ್ಘಾಟನೆಯ ದಿನ ಅಕ್ಕ ತಾನೇ ಹೊಲಿದ ಹೊಸ ಬಟ್ಟೆಯಲ್ಲಿ ಬಂದಳು, ಪೀಠದೆದುರು ನಿಂತಳು, ಬಹಳ ಹೊತ್ತು ನೋಡಿದಳು. ಆಮೇಲೆ, ಜನ ಕೇಳಿಸಿಕೊಳ್ಳದಷ್ಟು ಸಣ್ಣ ದನಿಯಲ್ಲಿ, “ನಿನ್ನ ಕಣ್ಣಿಗೆ ನಾನು ಹೀಗೇನಾ ಕಾಣೋದು?” ಎಂದಳು. ಪೀಠ ಹೋದರೆ ಹೋಗಲಿ ಎಂದುಕೊಂಡು, ಇದು ನನ್ನ ಕೈಕೆಲಸವಲ್ಲ, ನೀರಿನ ಕೆಲಸ ಎಂದು ಎಲ್ಲರೆದುರು ಕೂಗಿ ಹೇಳಿದೆ. ಸಮಿತಿಯವರು ಆಕಸ್ಮಿಕವೇ ಈ ಕಾಲದ ದೊಡ್ಡ ಶಿಲ್ಪಿಯೆಂದು ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ “ನೀರು ಹಾಕಿದ್ರೆ ಮುಖ ಜೋಲುತ್ತಾ? ಸುಮ್ನೆ ನನ್ನ ಸಮಾಧಾನ ಮಾಡ್ಬೇಡ” ಎಂದು ಚೀಲ ಹೆಗಲಿಗೇರಿಸಿದಳು. ಸಾಕ್ಷಿಗೆಂದು ತಮ್ಮನ್ನು ತೋಳು ಹಿಡಿದು ಎಳೆತಂದೆನಲ್ಲ, ಆಗ ತಾವು ಎದೆಯ ಮೇಲೆ ಕೈಯಿಟ್ಟು ಏನೆಂದಿರಿ? “ಛೇ ಛೇ, ನಂದೇನಿದೆ ಇದ್ರಲ್ಲಿ? ಎಲ್ಲಾ ನಿಮ್ಮ ತಂಗಿ ಕೈಚಳಕ!” ಆಹಾ, ತಮ್ಮ ವಿನಯಕ್ಕೆ ದೃಷ್ಟಿ ತಾಗದಿರಲಿ.

ಆವತ್ತಿನಿಂದ ಅಕ್ಕ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅಂಗಡಿಗೆ ಹೋದರೆ ತಲೆಯೆತ್ತದೆ ಮಿಷನ್ ತುಳಿಯುತ್ತಾಳೆ. ನನ್ನನ್ನು ಬೈಯಲು ಈ ಲೋಕದಲ್ಲಿ ಅವಳಲ್ಲದೆ ಇನ್ನಾರೂ ಇಲ್ಲ ಸ್ವಾಮಿ. ಆ ಬೈಗುಳವಿಲ್ಲದೆ ನನಗೆ ಊಟ ಸೇರುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆಯೇನೆಂದರೆ, ಒಂದು ಗಂಟೆಯ ಮಟ್ಟಿಗೆ ತಮ್ಮ ವಿನಯವನ್ನು ಸ್ಟುಡಿಯೊದಲ್ಲೇ ಬೀಗ ಹಾಕಿಟ್ಟು, ಅಕ್ಕನ ಅಂಗಡಿಗೆ ದಯಮಾಡಿಸಿ, ಇಸ್ತ್ರಿ ಮೇಜಿಗೂ ನಿಲುವುಗನ್ನಡಿಗೂ ನಡುವೆ ನಿಂತು, “ಆ ಗದ್ದ ನಂದು” ಎಂದು ಗಟ್ಟಿಯಾಗಿ ಘೋಷಿಸಬೇಕು. ಅವಳು ನಂಬದಿದ್ದರೆ, ತಮ್ಮದೇ ಮುಖವನ್ನು ನಾನು ಮಣ್ಣಿನಲ್ಲಿ ಮಾಡಿಕೊಡುತ್ತೇನೆ. ತಾವು ಅವಳ ಕಣ್ಣೆದುರೇ ಅದಕ್ಕೆ ನೀರು ಹೊಡೆಯುತ್ತ, ತಮ್ಮ ಗದ್ದ ಹೊಕ್ಕುಳಿನ ಕಡೆಗೆ ಹೊರಡುವುದನ್ನು ಹೊಲಿಗೆ ಟೇಪಿನಿಂದ ಅಳೆದು ತೋರಿಸಬೇಕು. ಇದೂ ಕಷ್ಟವೆನಿಸಿದಲ್ಲಿ, ಪ್ರದರ್ಶನ ಮುಗಿಯುವವರೆಗೆ ಭೂಮಿ ವಸ್ತುಗಳನ್ನು ಕೆಳಗೆ ಎಳೆಯುವ ತನ್ನ ಚಾಳಿ ಬಿಡುವಂತೆ ತಾವೇ ಅದರ ಮನವೊಲಿಸಿಕೊಡಿ. ತಮ್ಮ ಸಿಹಿಮಾತಿಗೆ ಅದೂ ಕರಗೀತು.

ನೀರಿನ ಸದ್ದಿಗೇ ಬೆಚ್ಚಿಬೀಳುವಂತಾದರೂ ಇಂದಿಗೂ
ತಮ್ಮ ವಿಶ್ವಾಸಿ,
ಪಕ್ಕದ ಅಂಕಣದ ಮಣ್ಣಿನವಳು

ತಾ.ಕ.: ಇದನ್ನು ಅಂಟಿಸಲು ಹೊರಟಾಗ ಅಕ್ಕನ ಫೋನ್ ಬಂತು. ಖುಷಿಗೆ ನನ್ನ ಕೈಯ ಗೋಂದು ಕೆನ್ನೆಗೆಲ್ಲ ಮೆತ್ತಿಕೊಂಡಿತು. ಅವಳು ವಿಚಾರಿಸಿದ್ದು ನನ್ನನ್ನಲ್ಲ, ತಮ್ಮನ್ನು: “ಆ ಕಬ್ಬಿಣದವರು ಮುಖ ಮಾಡ್ತಾರಾ? ಕಬ್ಬಿಣ ಜೋಲಲ್ಲ ಅಲ್ವಾ?” ದಯವಿಟ್ಟು ಮಾಡಿಕೊಡಿ. ತಾವು ಜ್ವರವೋ ನೆಗಡಿಯೋ ಹಿಡಿದು ಮಲಗಿದರೆ ಆ ಕಬ್ಬಿಣದ ಮುಖವನ್ನು ನೋಡಿಕೊಳ್ಳಲು ನಾನಿದ್ದೇನೆ. ದಿನಕ್ಕೆರಡು ಹೊತ್ತು, ತಪ್ಪದೆ, ಅದೇ ನೀಲಿ ಬಾಟಲಿಯಲ್ಲಿ.