ಗಿರಣಿ ಹಲಗೆಯ ಮಹನೀಯರು

ಸವಿತಾ ಅಂಗಳಕ್ಕೆ ನೀರು ಹೊಡೆದು ರಂಗೋಲಿಯ ಮೊದಲ ಗೆರೆ ಎಳೆದಿದ್ದಳಷ್ಟೆ. ಎದುರಿನ ಹಿಟ್ಟಿನ ಗಿರಣಿಯಿಂದ "ವಾಹ್! ಏನ್ ಮಾತು ಬರದಾಳಪ್ಪ ನಮ್ಮ ಲತೀಫಾ!" ಎಂಬ ಕೂಗು ಬಂತು. ಗೆರೆ ಹಾವು ಹರಿದಂತೆ ಸೊಟ್ಟಗಾಯಿತು.

ಮಾನ್ವಿಯ ಆ ಓಣಿಯಲ್ಲಿ ಗಿರಣಿಯ ಹುಸೇನಪೀರ ಬಾಗಿಲ ಪಕ್ಕ ಕಪ್ಪು ಹಲಗೆಯೊಂದನ್ನು ತೂಗುಹಾಕಿದ್ದ. ಸವಿತಾಳ ಗೋಡೆಗೆ ಗೋಡೆ ಹಚ್ಚಿದ ಮನೆಯ ಲತೀಫಾ ದಿನಾ ಅದರ ಮೇಲೆ ಮಹನೀಯರ ಮಾತೊಂದನ್ನು ದುಂಡಗೆ ಬರೆಯುತ್ತಿದ್ದಳು. ಎಲ್ಲವೂ ಅಚ್ಚ ಪುಸ್ತಕದ ಕನ್ನಡ. ಮೊನ್ನೆ ಇಂಗ್ಲೆಂಡಿನ ಸೇನಾಧಿಪತಿ: 'ಕರೆದಾಗ ಏಳದವನಿಗಾಗಿ ಸೂರ್ಯನು ಕಾಯುವುದಿಲ್ಲ.' ನಿನ್ನೆ ಜಪಾನಿನ ವೈದ್ಯ: 'ತಟ್ಟೆಯಲ್ಲಿ ಅನ್ನ ಬಿಡುವವನು ನಾಳೆಯ ಹಸಿವನ್ನು ಬಡಿಸಿಕೊಳ್ಳುತ್ತಾನೆ.' ಜೋಳ ಬೀಸಿಸಲು ಬಂದವರು ಡಬ್ಬಿ ಕೆಳಗಿಟ್ಟು ಓದುತ್ತಿದ್ದರು. ಸವಿತಾಳ ಗಂಡ ಅಂಬರೇಶನಂತೂ ಫೋಟೊ ತೆಗೆದು ಸ್ಟೇಟಸ್ ಇಡುತ್ತಿದ್ದ.

ಅದೇ ಅವಳಿಗೆ ಹಸಿಮೆಣಸಿನಕಾಯಿ ಕಚ್ಚಿದಂತಾಗುತ್ತಿತ್ತು. ಹೆಂಡತಿ ಹೇಳಿದ್ದು ಆ ಮನುಷ್ಯನ ಕಿವಿಯೊಳಗೆ ಹೋದದ್ದೇ ಇಲ್ಲ.

"ನೋಡು, ಮಂದಿ ಎಂಥಾ ತೂಕದ ಮಾತಾಡ್ಯಾರ," ಎನ್ನುತ್ತ ಅವನು ಇಂದೂ ಮೊಬೈಲ್ ಹಿಡಿದು ಹೊರಟ. "ನೀ ಬಾಯಿ ತೆಗದ್ರ ಬರೇ ಒದರಾಟ."

ಸವಿತಾ ರಂಗೋಲಿ ಬಟ್ಟಲು ಅಲ್ಲೇ ಕುಕ್ಕಿ, ಸೆರಗು ಸಿಕ್ಕಿಸಿಕೊಂಡು ಗಿರಣಿಗೆ ನಡೆದಳು. ಮಗಳು ಭಾಗ್ಯ ಬೆನ್ನಿಗೇ ಓಡಿಬಂದಳು.

ಹಲಗೆಯ ಮೇಲೆ ಹೀಗಿತ್ತು: 'ದೂರದಲ್ಲಿ ಅರಸುವ ಮುನ್ನ ತನ್ನ ಪಾದಗಳನ್ನು ನೋಡಿಕೊಳ್ಳುವವನೇ ಜಾಣ — ಜರ್ಮನಿಯ ಖಗೋಳ ವಿಜ್ಞಾನಿ.'

ಭಾಗ್ಯ ಅದನ್ನು ಕೂಡಿಸಿ ಕೂಡಿಸಿ ಓದಿದಳು. "ಅವ್ವಾ, ಒಂದ್ ಕೇಳ್ಲೇನು?"

"ಸುಮ್ನಿರು ಬೇ! ಹುಸೇನಣ್ಣಾ, ದಿನಾ ಒಬ್ಬರೇ ಯಾಕ ಬರೀಬೇಕ್ರಿ? ಇವತ್ತು ನಾನೂ ಬರೀತೀನಿ."

ಸೀಮೆಸುಣ್ಣ ಕೈಗೆ ಬಂತು. ಆದರೆ ಅಷ್ಟು ಕಣ್ಣು ತನ್ನ ಮೇಲಿರುವಾಗ ಅವಳ ತಲೆ ಖಾಲಿ ಡಬ್ಬಿಯಾಯಿತು. ತಡವರಿಸಿ ಬರೆದಳು: 'ಅತಿ ವೇಗ ಅಪಾಯಕಾರಿ — ರಷ್ಯಾದ ಗಗನಯಾತ್ರಿ.'

ಡಬ್ಬಿ ಹಿಡಿದು ನಿಂತಿದ್ದ ಮುನವ್ವರ್ ಬೀ ಕಿಸಕ್ಕೆಂದಳು. "ಯಕ್ಕಾ, ಇದನ್ನ ನಮ್ಮ ಮಾವನ ಟ್ರ್ಯಾಕ್ಟರ್ ಹಿಂದನೂ ಬರದಾರ! ಅಂವಾ ಯಾವಾಗ ರಷ್ಯಾಕ ಹೋಗಿದ್ದ?"

ನಗೆಯಲ್ಲಿ ಗಿರಣಿಯ ಸದ್ದೂ ಮುಳುಗಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಂಬರೇಶ.

ಸವಿತಾಳ ಮುಖ ಕಾದ ಹಂಚಾಯಿತು. "ಆ ಜರ್ಮನಿಯವಂದೇನು ದೊಡ್ಡ ಮಾತು? ಕಾಲ್ ನೋಡ್ಕೊ ಅನ್ನಾಕ ಜರ್ಮನಿಯಾಗ ಹುಟ್ಟಬೇಕಾ? ಇದನ್ನ ಅಂದವರ ತೆಲ್ಯಾಗ ಹೊಟ್ಟು ತುಂಬೇದ!"

ಗದ್ದಲ ಕೇಳಿ ಬಂದ ಲತೀಫಾ ಗಾಬರಿಯಾದಳು. "ಹಂಗನಬ್ಯಾಡ್ರಿ ಅಕ್ಕಾ. ಅವರು ಭಾಳ ಶಾಣ್ಯಾರಿದ್ದಾರ."

"ಶಾಣ್ಯಾರಾ? ಶುದ್ಧ ದಡ್ಡರು! ಇಂಥಾ ದಡ್ಡರ ಮಾತು ಓಣ್ಯಾಗ ಬ್ಯಾಡ!"

"ಅವ್ವಾ, ಕೇಳ್ಲೇನು?"

"ಬಾಯಿ ಮುಚ್ಚು ಅಂದೆ!"

ಗಿರಾಕಿಗಳ ಜೋಳ ಹಾಗೇ ಉಳಿದದ್ದನ್ನು ಕಂಡ ಹುಸೇನಪೀರ ಕೈಮುಗಿದ. "ಮುಗಸ್ರಿ ಯವ್ವಾ! ನಾಳಿಂದ ಸವಿತಕ್ಕನೇ ಬರೀಲಿ. ಲತೀಫಾ, ನೀ ಬಿಟ್ಟುಬಿಡು."

"ಆತು, ಬಿಟ್ಟೆ," ಎಂದಳು ಲತೀಫಾ, ದುಪಟ್ಟಾದಲ್ಲಿ ನಗೆ ಮುಚ್ಚಿಕೊಂಡು. "ಆದ್ರ ಅಕ್ಕ ಗೋಡಿ ಆಚೀಗೆ ದಿನಾ ಮಾತಾಡಿದಂಗ ಇಲ್ಲೂ ಮಾತಾಡಿದ್ರ ಸಾಕು."

ಸೋತವಳ ಚುಚ್ಚುಮಾತು ಎಂದುಕೊಂಡ ಸವಿತಾ ಗೆದ್ದ ಪೈಲ್ವಾನನಂತೆ ಎದೆ ಸೆಟೆಸಿ ಗಂಡನತ್ತ ನೋಡಿದಳು. ಅಷ್ಟರಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತು. ಆ ಮೌನದಲ್ಲಿ, ತಾಯಿಯ ಸೆರಗು ಜಗ್ಗುತ್ತಿದ್ದ ಭಾಗ್ಯಳ ದನಿ ಓಣಿಗೆಲ್ಲ ಕೇಳಿಸಿತು:

"ಅವ್ವಾ, ನಿನ್ನೆ ನಾ ಚಪ್ಲಿ ಹುಡುಕುವಾಗ 'ಊರೆಲ್ಲಾ ಯಾಕ ಹುಡುಕ್ತೀ, ನಿನ್ನ ಕಾಲಾಗ ನೋಡ್ಕೊ ಬೇ' ಅಂತ ನೀ ಒದರಿದ್ದು ಜರ್ಮನಿತನಕ ಹೆಂಗ ಕೇಳಿಸ್ತು?"