ಒದೆ ತಿಂದು ಹೆಸರು ಮಾಡಿದ ನಮ್ಮ ಮಾವ

ನಮ್ಮ ಮಾವನಷ್ಟು ಜನರ ಕೈಲಿ ಒದೆ ತಿಂದವರು ಇಡೀ ಯಲಹಂಕದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಗೇಲಿ ಮಾಡಲು ಹೇಳುತ್ತಿಲ್ಲ; ಇದು ಅವರೇ ಎದೆಯುಬ್ಬಿಸಿ ಹೇಳಿಕೊಳ್ಳುವ ಮಾತು. ಆ ಎದೆಯೂ ಸಾಮಾನ್ಯದ್ದಲ್ಲ. ನಮ್ಮ ಮನೆಗೆ ಬಂದರೆ ಮೊದಲು ಅದು ಒಳಗೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಮಾವ ಬರುತ್ತಾರೆ.

ಮಾವ ಅಂದರೆ ಅಮ್ಮನ ತಮ್ಮ. ಕೋಗಿಲು ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವರು. ಅವರಿಗೆ ಮೂರು ವರ್ಷವಾಗಿದ್ದಾಗ ಅಜ್ಜಿ ತೀರಿಕೊಂಡರು. ಆಗ ಅಮ್ಮನಿಗೆ ಹದಿನಾಲ್ಕು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಮದುವೆಯಾಗಿ ಯಲಹಂಕಕ್ಕೆ ಬರುವಾಗಲೂ ಜೊತೆಗೇ ಕರೆದುಕೊಂಡು ಬಂದರು. ಮಾವ ಆಗ ಎಷ್ಟು ಪೀಚಲಾಗಿದ್ದರೆಂದರೆ, ಶಾಲೆಯ ಹುಡುಗರು ಅವರನ್ನು ಗಾಳಿಪಟ ಅಂತ ಕರೆಯುತ್ತಿದ್ದರಂತೆ. ಜೋರಾಗಿ ಗಾಳಿ ಬಂದ ದಿನ, ಕಿಟಕಿ ಕಂಬಿ ಹಿಡ್ಕೊಳೋ ಅಂತ ಮೇಷ್ಟರೇ ತಮಾಷೆ ಮಾಡಿದ್ದರಂತೆ.

ಆ ಹೆಸರು ಅಳಿಸಿಹಾಕಬೇಕೆಂದು ಹದಿನೆಂಟನೇ ವಯಸ್ಸಿಗೆ ಮಾವ ದೇಹ ಬೆಳೆಸಲು ಹೊರಟರು. ಎರಡು ಪೇಂಟ್ ಡಬ್ಬಗಳಿಗೆ ಸಿಮೆಂಟ್ ತುಂಬಿ, ನಡುವೆ ಕಬ್ಬಿಣದ ಪೈಪು ಸಿಕ್ಕಿಸಿ, ನಮ್ಮ ಹಿತ್ತಲಲ್ಲೇ ವ್ಯಾಯಾಮಶಾಲೆ ತೆರೆದರು. ಯಾರೋ ಮೊಟ್ಟೆಯ ಬಿಳಿ ಭಾಗ ಮಾತ್ರ ತಿನ್ನಬೇಕು ಅಂತ ಹೇಳಿಕೊಟ್ಟರು. ಹಳದಿಯನ್ನು ಎಸೆಯಲು ಅಮ್ಮನಿಗೆ ಮನಸ್ಸು ಬರಲಿಲ್ಲ. ಹಳದಿ ಪಲ್ಯ, ಹಳದಿ ಸಾರು, ಹಳದಿ ಹಾಕಿದ ಅನ್ನ! ಎರಡು ವರ್ಷದಲ್ಲಿ ಮಾವನ ಮೈ ಹುರಿಗಟ್ಟಿತು. ಅಪ್ಪ, ಅಮ್ಮ, ಪುಟ್ಟ ಹುಡುಗಿಯಾಗಿದ್ದ ನಾನು, ಹಿತ್ತಲ ನಾಯಿ ಎಲ್ಲರೂ ದುಂಡಗಾದೆವು.

ಜಿಲ್ಲಾ ಮಟ್ಟದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಅವರಿಗೆ ಮೊದಲ ಬಹುಮಾನ ಬಂತು. ಎದೆಗೆ ಅಡ್ಡಲಾಗಿ ಕೆಂಪು ರೇಷ್ಮೆ ಪಟ್ಟಿ ಹಾಕಿ ಕಳಿಸಿದರು. ಜನ ನೋಡಲಿ ಅಂತ ಮಾವ ಅದನ್ನು ತೆಗೆಯದೆ ಬಸ್ಸು ಹತ್ತಿದರು. ಹೆಬ್ಬಾಳ ದಾಟುವವರೆಗೂ ಸುಮ್ಮನಿದ್ದ ಕಂಡಕ್ಟರ್ ಕೊನೆಗೆ ಬಹಳ ಗೌರವದಿಂದ, ತಾವು ಯಾವ ಪಾರ್ಟಿ ಕಡೆಯಿಂದ ನಿಂತಿದ್ದೀರಿ ಎಂದು ವಿಚಾರಿಸಿದರಂತೆ. ಅಂದಿನಿಂದ ಇಂದಿನವರೆಗೂ ಮಾವ ಎರಡು ಕಂಕುಳಲ್ಲೂ ಕಲ್ಲಂಗಡಿ ಇಟ್ಟುಕೊಂಡವರಂತೆಯೇ ನಡೆಯುವುದು.

ಆ ಮೈಕಟ್ಟು ನೋಡಿ ಯಶವಂತಪುರದ ಕಡೆಯ ಒಂದು ಕಾರ್ಖಾನೆಯವರು ತಮ್ಮ ಕಬಡ್ಡಿ ತಂಡಕ್ಕೆ ಸೇರಿಸಿಕೊಂಡು ಕೆಲಸವನ್ನೂ ಕೊಟ್ಟರು. ಇವರನ್ನು ನೋಡಿದರೇ ಎದುರಾಳಿಗಳು ಹೆದರಿಕೊಳ್ಳುತ್ತಾರೆ ಅನ್ನುವುದು ಅವರ ಲೆಕ್ಕ. ಹೆದರಿಕೊಂಡರು ಕೂಡ, ಸುಮಾರು ಐದು ನಿಮಿಷ. ಆಮೇಲೆ ಮಾವನಿಗೆ ದಮ್ಮು ಸಾಲದು ಅನ್ನುವುದು ಅವರಿಗೆ ಗೊತ್ತಾಯಿತು. ಇನ್ನೊಂದು ತೊಂದರೆ, ಯಾರನ್ನಾದರೂ ಮುಟ್ಟಿದ ಕೂಡಲೇ ಮಾವ ಗೆರೆ ದಾಟಿ ಓಡಿಬರುವ ಬದಲು ಪ್ರೇಕ್ಷಕರ ಕಡೆ ತಿರುಗಿ ತೋಳು ಮಡಿಸಿ ತೋರಿಸುತ್ತಿದ್ದರು. ಹಿಂದಿನಿಂದ ಕಾಲು ಹಿಡಿದು ಎಳೆಯಲು ಇದಕ್ಕಿಂತ ಒಳ್ಳೆಯ ಸಮಯ ಇನ್ನೇನು ಬೇಕು?

ತಂಡದ ನಾಯಕರು ಬಾಗಲಕೋಟೆ ಕಡೆಯವರು, ಕುಳ್ಳಗೆ, ತೆಳ್ಳಗೆ ಇದ್ದವರು. ಒಂದು ದಿನ ಮಾವನನ್ನು ಪಕ್ಕಕ್ಕೆ ಕರೆದು, "ಮೈ ತೋರ್ಸೋದು ಸಾಕ್ರಿ. ಇನ್ನ ಮೈ ಬಳಸೋದು ಕಲೀರಿ" ಎಂದರಂತೆ. ಮಾವ ಆ ಮಾತನ್ನು ಈಗಲೂ ಅವರ ಧಾಟಿಯಲ್ಲೇ ಹೇಳುತ್ತಾರೆ. ಅದಾದ ಮೇಲೆ ಮಾವ ಬೆಳಗಿನ ಜಾವ ಎದ್ದು ಓಡಿದರು, ಉಸಿರು ಬಿಗಿಹಿಡಿಯುವುದನ್ನು ಕಲಿತರು, ರಾಜ್ಯ ತಂಡದಲ್ಲೂ ಆಡಿದರು. ಒಮ್ಮೆ ಪತ್ರಿಕೆಯಲ್ಲಿ ಪಂದ್ಯದ ಫೋಟೊ ಬಂತು. ಏಳು ಜನ ಎದುರಾಳಿಗಳು ಗುಡ್ಡೆಯಾಗಿ ಬಿದ್ದಿದ್ದರು, ಕೆಳಗಡೆಯಿಂದ ಒಂದು ಹಿಮ್ಮಡಿ ಹೊರಬಂದಿತ್ತು. ಅದು ಮಾವನದು. ಅಮ್ಮ ಆ ಪತ್ರಿಕೆಯ ತುಂಡಿಗೆ ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕ ನೇತುಹಾಕಿದರು. ಬಂದವರು ಕೆಲವರು ಯಾವುದೋ ಸ್ವಾಮಿಗಳ ಪಾದವಿರಬೇಕೆಂದು ಕೈ ಮುಗಿದದ್ದೂ ಉಂಟು.

ಅಂಥ ಒಂದು ಪಂದ್ಯ ನೋಡಲು ಬಂದಿದ್ದ ಸಾಹಸ ನಿರ್ದೇಶಕರೊಬ್ಬರಿಗೆ ಮಾವ ಗೆದ್ದದ್ದು ಇಷ್ಟವಾಗಲಿಲ್ಲ, ಬಿದ್ದದ್ದು ಇಷ್ಟವಾಯಿತು. ಹೀಗೆ ಮಾವ ಸಿನಿಮಾಕ್ಕೆ ಹೋದರು. ಸುಮಾರು ಮೂವತ್ತು ವರ್ಷ ಒಬ್ಬರಾದ ಮೇಲೆ ಒಬ್ಬರು ಹೀರೋಗಳ ಕೈಲಿ ಒದೆ ತಿಂದರು. ಗೋಡೆಗೆ ಅಪ್ಪಳಿಸಿದರು, ಕೆರೆಗೆ ಬಿದ್ದರು, ಹುಲ್ಲಿನ ಬಣವೆಯಿಂದ ಉರುಳಿದರು. ಅಷ್ಟು ಸಿನಿಮಾಗಳಲ್ಲಿ ಅವರಿಗೆ ಸಿಕ್ಕ ಮಾತು ಒಂದೇ: "ಬಾಸ್, ಅವನು ಬಂದ." ಒಂದು ವಾರ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದರು. ಸಿನಿಮಾ ಬಿಡುಗಡೆಯಾದಾಗ ನೋಡಿದರೆ ಉಳಿದದ್ದು "ಬಾಸ್" ಮಾತ್ರ. ಅವನು ಬರುವುದು ಎಲ್ಲರಿಗೂ ಕಾಣಿಸುತ್ತಲ್ಲ, ಹೇಳುವುದೇಕೆ ಅಂತ ಕತ್ತರಿಸಿದ್ದರಂತೆ.

ಪ್ರಸಿದ್ಧಿ ಅಂದರೆ ಏನು? ಮಾವನ ಜೊತೆ ಓಡಾಡಿದ ಮೇಲೆ ನನಗೆ ಈ ಪ್ರಶ್ನೆ ಆಗಾಗ ಕಾಡಿದೆ. ಅವರನ್ನು ಜನ ಗುರುತಿಸುತ್ತಾರೆ, ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಒಮ್ಮೆ ಆರ್.ಟಿ. ನಗರದಲ್ಲಿ ಆಟೊ ಚಾಲಕರೊಬ್ಬರು ಕನ್ನಡಿಯಲ್ಲಿ ನೋಡಿ ನೋಡಿ, ತರಕಾರಿ ಗಾಡಿ ಮೇಲೆ ಬಿದ್ದವರು ನೀವೇ ಅಲ್ವಾ ಸಾರ್ ಅಂದರು. ಮಾವ ಮುಂದಕ್ಕೆ ಬಾಗಿ, "ಯಾವ್ದು? ಟೊಮೇಟೊನಾ, ಕೋಸಾ?" ಎಂದು ಕೇಳಿದರು. ಟೊಮೇಟೊ ಮೇಲೆ ಯಾರು ಬೇಕಾದರೂ ಬೀಳಬಹುದು, ಕೋಸಿನ ಮೇಲೆ ಬೀಳುವುದು ಅನುಭವಸ್ಥರ ಕೆಲಸ ಎಂದು ನನಗೆ ದಾರಿಯುದ್ದಕ್ಕೂ ವಿವರಿಸಿದರು. ಹೀರೋ ಮುಷ್ಟಿ ಮೈಗೆ ತಾಗುವುದೇ ಇಲ್ಲ, ಒಂದು ಗೇಣು ದೂರದಲ್ಲೇ ನಿಲ್ಲುತ್ತದೆ. ಅದು ಪೆಟ್ಟಾಗುವುದು ತಾವು ಬಿದ್ದಾಗ ಎಂದೂ ಹೇಳಿದರು. ಯೋಚಿಸಿದರೆ ನಿಜ. ಒಬ್ಬರು ಚೆನ್ನಾಗಿ ಬೀಳದಿದ್ದರೆ ಇನ್ನೊಬ್ಬರು ದೊಡ್ಡವರಾಗಿ ಕಾಣುವುದು ಹೇಗೆ?

ಈಗ ಮಾವನಿಗೆ ಅರವತ್ತು ದಾಟಿದೆ. ಮಂಡಿ ಸವೆದಿದೆ. ಶೂಟಿಂಗ್‌ಗೆ ಕರೆಯುವ ಫೋನು ಮೊದಲು ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ಅದರ ಬಗ್ಗೆ ಅವರು ಮಾತಾಡುವುದಿಲ್ಲ. ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆಯುತ್ತಾರೆ, ಅಷ್ಟೇ.

ಕಳೆದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಸಣ್ಣಗೆ ಬಿರುಕು ಬಿಟ್ಟಿತ್ತು. ಮೂರು ತಿಂಗಳಲ್ಲಿ ಮೂಳೆ ಕೂಡಿತು, ಡಾಕ್ಟರು ಧಾರಾಳವಾಗಿ ನಡೆಯಿರಿ ಎಂದರು. ಅಮ್ಮ ಮಾತ್ರ ಮಂಚ ಬಿಟ್ಟು ಇಳಿಯಲಿಲ್ಲ. ಮತ್ತೆ ಬಿದ್ದರೆ ಅನ್ನುವ ಭಯ. ನಾನು ಬೈದೆ, ಬೇಡಿಕೊಂಡೆ, ವಾಕರ್ ತಂದೆ. ವಾಕರ್ ಮೇಲೆ ಟವೆಲ್ ಒಣಗಿತೇ ಹೊರತು ಬೇರೇನೂ ಆಗಲಿಲ್ಲ.

ಅಕ್ಕ ಭಯಕ್ಕೆ ಇಳಿಯುತ್ತಿಲ್ಲವೆಂದು ತಿಳಿದ ಮಾವ ಮರುದಿನ ಬೆಳಿಗ್ಗೆ ಕೋಗಿಲಿನ ತಮ್ಮ ಮನೆಯಿಂದ ಸ್ಕೂಟರಿನಲ್ಲಿ ಒಂದು ದಪ್ಪ ಹಾಸಿಗೆ ಕಟ್ಟಿಕೊಂಡು ಬಂದರು. ಅಕ್ಕನಿಗೆ ನಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ಬೀಳುವುದನ್ನು ಕಲಿಸಿದರೆ ಸಾಕು ಎಂದರು. ಹಾಸಿಗೆಯನ್ನು ಅಮ್ಮನ ಮಂಚದ ಮುಂದೆ ಹಾಸಿ ತಾವೇ ಬಿದ್ದು ತೋರಿಸಿದರು. ಗದ್ದ ಎದೆಗೆ ಒತ್ತಬೇಕು, ಕೈ ಚಾಚಿ ನೆಲಕ್ಕೆ ಕೊಡಬಾರದು, ಪಕ್ಕಕ್ಕೆ ಹೊರಳಬೇಕು. ಎಡಕ್ಕೆ ಬಿದ್ದರು, ಬಲಕ್ಕೆ ಬಿದ್ದರು, ಕುರ್ಚಿಯಿಂದ ಬಿದ್ದರು. ಪ್ರತಿ ಸಲವೂ ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದರು. ಕೆಳಗಿನ ಮನೆಯವರು ಏನಾಯಿತೆಂದು ಎರಡು ಸಲ ಬಂದು ಕೇಳಿದರು. ಅಮ್ಮ ಮಾತ್ರ ಗೋಡೆ ಕಡೆ ಮುಖ ಮಾಡಿಕೊಂಡು ಕೂತಿದ್ದರು.

ಐದನೆಯ ದಿನವೋ ಆರನೆಯ ದಿನವೋ ಮಾವ ಬೀಳುವುದನ್ನು ನಿಲ್ಲಿಸಿ ಹಾಸಿಗೆಯ ಮೇಲೆ ಕೂತರು. ಆಮೇಲೆ ಮೆತ್ತಗೆ ಕೇಳಿದರು:

"ಅಕ್ಕ, ಒಂದು ಮಾತು ಕೇಳ್ಲಾ? ನನ್ನ ಮೊದಲ್ನೇ ಸಿನಿಮಾಗೆ ನಿನ್ನ ಕರ್ಕೊಂಡು ಓಗಿದ್ದೆ. ಫೈಟ್ ಬಂದ ತಕ್ಷಣ ನೀನು ಎದ್ದು ಆಚೆಗೆ ಓಗ್ಬಿಟ್ಟೆ. ಆಮೇಲೂ ಎಲ್ಲಾ ಸಿನಿಮಾಗೂ ಅಂಗೇ ಮಾಡ್ದೆ. ಈಗ್ಲೂ ಮುಖ ತಿರುಗಿಸ್ಕೊಂಡು ಕೂತಿದ್ದೀಯ. ನಾನು ಒದೆ ತಿಂದು ಬದುಕಿದ್ದು ನಿಂಗೆ ಅವಮಾನ ಅನ್ನಿಸ್ತಾ?"

ಇದು ನನಗೂ ಗೊತ್ತಿರದ ಸಂಗತಿ. ಮೂವತ್ತು ವರ್ಷ ನಗಿಸುತ್ತಲೇ ಇದ್ದ ಮನುಷ್ಯ ಇದನ್ನು ಎಲ್ಲಿಟ್ಟುಕೊಂಡಿದ್ದರೋ.

ಅಮ್ಮ ತಿರುಗಿದರು. "ಅವಮಾನ ಯಾಕೋ ಆಗ್ಬೇಕು? ಮೂರು ವರ್ಷದೋನಿದ್ದಾಗಿಂದ ನಿನ್ನ ಮೈಮೇಲೆ ಯಾರ ಕೈನೂ ಬೀಳೋಕೆ ಬಿಟ್ಟೋಳಲ್ಲ ನಾನು. ಟಿಕೆಟ್ ತಗೊಂಡು ಕೂತು ಅದನ್ನ ನೋಡ್ಬೇಕಿತ್ತಾ?" ಮತ್ತೆ ಹೇಳಿದರು, "ಒಂದ್ಸಲ ಬಾಗ್ಲ ಸಂದೀಲಿ ಇಣುಕಿ ನೋಡ್ದೆ. ನೀನು ಬಿದ್ದಿದ್ದೆ. ಇನ್ನೇನು ಎದ್ದೇಳ್ತೀಯ ಅಂತ ಕಾದೆ. ಅಷ್ಟರಲ್ಲಿ ಹಾಡು ಶುರುವಾಗೋಯ್ತು. ನೀನು ಎದ್ದಿದ್ದು ತೋರಿಸ್ಲೇ ಇಲ್ಲ ಕಣೋ."

"ಎದ್ದೆ ಅಕ್ಕ," ಎಂದರು ಮಾವ. "ಕಟ್ ಅಂದ ತಕ್ಷಣ ಎದ್ದೆ."

"ಎಲ್ಲಿ, ಇನ್ನೊಂದ್ಸಲ ಬೀಳು."

ಮಾವ ಎದ್ದು ನಿಂತು, ಗದ್ದ ಎದೆಗೊತ್ತಿ, ಪಕ್ಕಕ್ಕೆ ಬಿದ್ದು ಹೊರಳಿದರು. ಅಮ್ಮ ರೆಪ್ಪೆ ಬಡಿಯದೆ ನೋಡಿದರು. ಮಂಡಿ ಹಿಡಿದುಕೊಂಡಿತೋ ಏನೋ, ಮಾವ ಏಳುವುದು ತಡವಾಯಿತು. ಆಗ ಅಮ್ಮ ಮಂಚದ ಅಂಚು ಹಿಡಿದು ಕೆಳಗಿಳಿದರು. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು, ಬಗ್ಗಿ ತಮ್ಮನಿಗೆ ಕೈ ಚಾಚಿದರು. ನಾನು ಹಿಡಿಯಲು ಓಡಿದೆ. ಮಾವ ಕಣ್ಣಲ್ಲೇ ಬೇಡವೆಂದರು.

ಅವರು ಅಮ್ಮನ ಕೈ ಹಿಡಿದುಕೊಂಡರು, ಆದರೆ ಅದರ ಮೇಲೆ ಚೂರೂ ಭಾರ ಹಾಕಲಿಲ್ಲ. ಇನ್ನೊಂದು ಕೈಯನ್ನು ಬೆನ್ನ ಹಿಂದೆ ನೆಲಕ್ಕೂರಿ, ಹಲ್ಲು ಕಚ್ಚಿ ಎದ್ದರು. ಅಮ್ಮನಿಗೆ ಅದು ಕಾಣಲಿಲ್ಲ.

"ಅಬ್ಬ, ಏನ್ ಭಾರ ಇದ್ದೀಯೋ," ಎಂದರು ಅಮ್ಮ, ತಮ್ಮನ ಬೆನ್ನಿನ ಧೂಳು ಕೊಡವುತ್ತಾ.